ಎಂಟನೇ ಕ್ಲಾಸಿನ ನಾಟಕ

ಕುಂಕುಮದಲ್ಲಿ ಅದ್ದಿದ ಬೆರಳನ್ನು ಹಣೆಯ ಹತ್ತಿರ ತಂದ ಮಾಯಮ್ಮ ಅಲ್ಲೇ ತಡೆದು ಪುಷ್ಪ ಟೀಚರ ಮುಖ ನೋಡಿದಳು.

"ಇಡ್ಲಾ, ಬ್ಯಾಡ್ವಾ?"

ಪುಷ್ಪಳಿಗೂ ಗೊತ್ತಿರಲಿಲ್ಲ. ಜಗುಲಿಯ ಮೇಲೆ ಚಾಪೆ ಹಾಸಿ ಚಂದ್ರಕಲಮ್ಮನನ್ನು ಮಲಗಿಸಿದ್ದರು. ಸ್ನಾನ ಮಾಡಿಸಿ, ಇಸ್ತ್ರಿ ಮಾಡಿಟ್ಟಿದ್ದ ಹಸಿರು ಸೀರೆ ಉಡಿಸಿ ಆಗಿತ್ತು. ಅವಳು ಮುತ್ತೈದೆಯೋ, ಗಂಡ ಸತ್ತವಳೋ, ಮದುವೆಯೇ ಆಗದವಳೋ ಚಿಕ್ಕಕೊಪ್ಪಲಿನಲ್ಲಿ ಯಾರೂ ಕೇಳಿರಲಿಲ್ಲ. ಬದುಕಿದ್ದಷ್ಟು ದಿನ ಹಣೆಗೆ ಸ್ಟಿಕ್ಕರ್ ಇಟ್ಟುಕೊಳ್ಳುತ್ತಿದ್ದಳು. ಅದು ನಾಟಕದವರ ಅಭ್ಯಾಸ ಎಂದು ಊರು ಸುಮ್ಮನಿತ್ತು.

"ಇಷ್ಟು ವರ್ಸ ನನ್ನ ಹಿತ್ಲು ಕ್ವಾಣೇಲೆ ಇದ್ಲು. ಒಂದಿನಾನೂ ಕೇಳ್ನಿಲ್ಲ ಕಣವ್ವ," ಎಂದಳು ಮಾಯಮ್ಮ. "ಕೇಳುದ್ರೆ ಬೇಜಾರು ಮಾಡ್ಕತಾಳೇನೋ ಅಂತ. ಈಗ ಯಾರ್ನ ಕೇಳಾದು?"

"ಅಣ್ಣ ಬರ್ತಾರಂತೆ. ಬರಲಿ, ಅವರನ್ನೇ ಕೇಳೋಣ," ಎಂದಳು ಪುಷ್ಪ. ಆದರೆ ಬರುವವನು ಚಂದ್ರಕಲಮ್ಮನ ಅಣ್ಣ ಹೌದೋ ಅಲ್ಲವೋ ಎಂಬುದೇ ಅವಳಿಗೆ ಖಾತ್ರಿಯಿರಲಿಲ್ಲ. ಹಿಂದಿನ ದಿನ ಸಂಜೆ ಚಂದ್ರಕಲಮ್ಮ ಕನಕಾಂಬರ ಕಟ್ಟುತ್ತಾ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಅವಳ ಮೊಬೈಲಿನಲ್ಲಿ 'ಅಣ್ಣ' ಎಂದಿದ್ದ ನಂಬರಿಗೆ ಪುಷ್ಪ ಫೋನು ಮಾಡಿದ್ದಳು. ನಾಗಮಂಗಲದ ಕಡೆಯ ಒಂದು ಗಂಡು ದನಿ ಎಲ್ಲವನ್ನೂ ಕೇಳಿಸಿಕೊಂಡು, "ಯಾವ ಚಂದ್ರಕಲ? ಇದು ನಮ್ ಮಂಚಿ ನಂಬರಲ್ವಾ?" ಎಂದಿತ್ತು. ಆಮೇಲೆ, "ಬತ್ತೀನಿ," ಎಂದು ಫೋನಿಟ್ಟಿತ್ತು.

ತೊಣ್ಣೂರು, ಪಾಂಡವಪುರ, ಕೆ.ಆರ್. ಪೇಟೆ ಸುತ್ತಿನ ಹಳ್ಳಿಗಳಲ್ಲಿ ಯಾವ ಊರಿನವರು ಪೌರಾಣಿಕ ನಾಟಕ ಕಟ್ಟಿದರೂ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಹಾಗೆ ಬಂದವಳು ಚಂದ್ರಕಲ. ಇಲ್ಲಿ ದ್ರೌಪದಿ, ಅಲ್ಲಿ ಸುಭದ್ರೆ, ಇನ್ನೊಂದು ಕಡೆ ರುಕ್ಮಿಣಿ. ಮಂಡಿ ಸವೆದು ನಿಲ್ಲಲಾಗದೆ ಹೋದಾಗ, ಹಲವು ಸಲ ಆಡಿ ಪರಿಚಯವಿದ್ದ ಈ ಊರಿನಲ್ಲೇ ಮಾಯಮ್ಮನ ಹಿತ್ತಲ ಕೋಣೆ ಹಿಡಿದಳು. ಹೂ ಕಟ್ಟಿ ಮಾರುತ್ತಿದ್ದಳು. ಹೋದ ವರ್ಷದಿಂದ ಊರ ಶಾಲೆಯ ಮಕ್ಕಳಿಗೆ ನಾಟಕ ಹೇಳಿಕೊಡುತ್ತಿದ್ದಳು. ಆ ಮಕ್ಕಳ ಬಾಯಲ್ಲಿ ಅವಳು ಕಲಜ್ಜಿ.

ಆ ಮಕ್ಕಳೀಗ ಅಂಗಳಕ್ಕೆ ಬಂದು ನಿಂತರು. ಐವರೂ ಹೊಸ ಯೂನಿಫಾರ್ಮಿನಲ್ಲಿದ್ದರು, ಬೆನ್ನಿಗೆ ಬ್ಯಾಗು. ಊರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತದೆ. ಎಂಟಕ್ಕೆ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಬೇಕು. ಇವತ್ತು ಅಲ್ಲಿ ಹೈಸ್ಕೂಲು ಶುರು.

"ಮಿಸ್, ಹೋಗ್ಬೇಕಾ, ಇರ್ಬೇಕಾ?" ಎಂದು ಕೇಳಿದ ಕಿಟ್ಟಿ.

ಉತ್ತರ ಬಂದದ್ದು ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಚಿಕ್ಕಸ್ವಾಮಿಯಿಂದ. "ಎಣ ಎತ್ತೋಗಂಟ ಊರು ಬುಟ್ಟು ಯಾರೂ ಓಗಂಗಿಲ್ಲ ಕಣ್ಲಾ. ಬ್ಯಾಗು ಕೆಳಗಿಕ್ಕಿ."

"ಚಿಕ್ಕಸ್ವಾಮಣ್ಣ, ಬೆಳಗಿನ ಬಸ್ಸು ಹೋದ್ರೆ ಹೋಗಲಿ. ಆಮೇಲಿನದ್ರಲ್ಲಾದ್ರೂ..." ಎಂದಳು ಪುಷ್ಪ.

"ಮಿಕ್ಕ ಮಕ್ಕಳು ಓಗ್ಲಿ ಮಿಸ್ಸೇ, ನಾನು ಬ್ಯಾಡ ಅನ್ನಾಕಿಲ್ಲ. ನಮ್ ಅನು ಓಗಾಕಿಲ್ಲ. ಆಯಮ್ಮ ಜೊತೇಲಿ ಓಯ್ತಾಳೆ ಅಂತ ತಾನೆ ನಾನು ಒಪ್ಕಂಡಿದ್ದು? ಈಗ ಆಯಮ್ಮನೇ ಇಲ್ಲ. ಇನ್ನೇನು ಮಾತು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಐವರಲ್ಲಿ ಕೊನೆಗೆ ನಿಂತಿದ್ದ ಅನು ಅಪ್ಪನನ್ನು ನೋಡಿದಳು, ಜಗುಲಿಯ ಕಡೆ ನೋಡಿದಳು. ಬ್ಯಾಗನ್ನು ಕೆಳಗಿಡಲಿಲ್ಲ.

ಚಿಕ್ಕಸ್ವಾಮಿ ಮತ್ತೆ ಬಿದಿರಿನ ಕಡೆ ತಿರುಗಿದ. ಅವನ ದೊಡ್ಡ ಮಗಳೂ ಎರಡು ವರ್ಷದ ಹಿಂದೆ ಹೀಗೆಯೇ ಹೊಸ ಬಟ್ಟೆ ತೊಟ್ಟು ಪಾಂಡವಪುರಕ್ಕೆ ಹೋಗಿದ್ದಳು. ದಸರಾ ರಜೆಗೆ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಯಾರಾದರೂ ಏನಾದರೂ ಅಂದರಾ ಎಂದು ಕೇಳಿದ್ದ. ಇಲ್ಲ ಅಂದಿದ್ದಳು. ಮೇಷ್ಟ್ರು ಹೊಡೆದರಾ? ಇಲ್ಲ. ಬಸ್ಸಿನಲ್ಲಿ ಯಾರಾದರೂ? ಇಲ್ಲ. ಈಗ ಹಸು ನೋಡಿಕೊಂಡು ಮನೆಯಲ್ಲಿದ್ದಾಳೆ. ಏನಾಯಿತೆಂದು ಚಿಕ್ಕಸ್ವಾಮಿಗೆ ಇವತ್ತಿಗೂ ಗೊತ್ತಿಲ್ಲ.

*

ಏನಾಗುತ್ತದೆಂದು ಪುಷ್ಪಳಿಗೂ ಗೊತ್ತಿರಲಿಲ್ಲ. ಶ್ರೀರಂಗಪಟ್ಟಣದಿಂದ ಸ್ಕೂಟರಿನಲ್ಲಿ ಬಂದು ಹೋಗುವ ಅವಳು ಈ ಶಾಲೆಯಲ್ಲಿ ಏಳನೇ ಕ್ಲಾಸಿನ ಟೀಚರು. ಓದು ಬರಹ ಬಲ್ಲ ಮಕ್ಕಳನ್ನೇ ಪ್ರತಿ ವರ್ಷ ಕಳಿಸುತ್ತಿದ್ದಳು. ಕೆಲವರು, ಅದರಲ್ಲೂ ಹೆಣ್ಣುಮಕ್ಕಳು, ವರ್ಷ ತುಂಬುವ ಮೊದಲೇ ಊರ ಬಾವಿಕಟ್ಟೆಯ ಹತ್ತಿರ ಕಾಣಿಸುತ್ತಿದ್ದರು. ಅವಳನ್ನು ಕಂಡರೆ ತಲೆ ತಗ್ಗಿಸುತ್ತಿದ್ದರು. ಕಾರಣ ಕೇಳಿದರೆ, "ಹಂಗೇ ಮಿಸ್," ಎನ್ನುತ್ತಿದ್ದರು.

ಹೋದ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಹೂ ಕೊಡಲು ಬಂದಿದ್ದ ಚಂದ್ರಕಲಮ್ಮ ಮಕ್ಕಳ ಕುಣಿತ ನೋಡುತ್ತಾ ನಿಂತಿದ್ದಾಗ ಪುಷ್ಪಳಿಗೆ ಏನೋ ಹೊಳೆಯಿತು.

"ನಮ್ಮ ಏಳನೇ ಕ್ಲಾಸಿನೋರಿಗೆ ಒಂದು ನಾಟಕ ಮಾಡಿಸ್ತೀರಾ, ಅಮ್ಮ?"

"ಅದಕ್ಕೇನು. ಕೃಷ್ಣ ಸಂಧಾನ ಮಾಡ್ಸಾನ. ಹುಡ್ಗ್ರಿಗೆ ಕಿರೀಟ ನಾನೇ ಕಟ್ತೀನಿ."

"ಅದಲ್ಲ. ಹೈಸ್ಕೂಲಿಗೆ ಹೋಗೋ ನಾಟಕ. ಅಲ್ಲಿ ಏನೇನಾಗುತ್ತೋ ಅದನ್ನ ಇಲ್ಲೇ ಒಂದ್ಸಲ ಆಡಿ ನೋಡಿದ್ರೆ ಹೆದರಿಕೆ ಹೋಗುತ್ತೇನೋ ಅಂತ."

ಚಂದ್ರಕಲಮ್ಮ ಗಾಬರಿಯಾದಳು. "ಅದ್ಯಾವ ಪರ್ವದಲ್ಲಿ ಬತ್ತದೆ ಟೀಚರಮ್ಮ? ಮಾತು ಯಾರು ಬರ್ದವ್ರೆ? ನಂಗೇನು ಗೊತ್ತು ಹೈಸ್ಕೂಲು?"

ಆದರೂ ಅವಳೇ ಒಂದು ಶನಿವಾರ ಪುಷ್ಪಳನ್ನು ಹೊರಡಿಸಿದಳು. ನೋಡದೆ ಆಡಿಸುವುದು ಹೇಗೆ ಎಂಬುದು ಅವಳ ವಾದ. ಇಬ್ಬರೂ ಪಾಂಡವಪುರದ ಹೈಸ್ಕೂಲಿಗೆ ಹೋಗಿ ವರಾಂಡದಲ್ಲಿ ನಿಂತಿದ್ದಾಗ ಬೆಲ್ಲು ಹೊಡೆಯಿತು. ಎಲ್ಲ ಬಾಗಿಲುಗಳಿಂದ ಮಕ್ಕಳು ಒಮ್ಮೆಲೇ ನುಗ್ಗಿದರು. ಗದ್ದಲ ಇಳಿದಾಗ ಪಕ್ಕದಲ್ಲಿ ಚಂದ್ರಕಲಮ್ಮ ಇರಲಿಲ್ಲ. ಪುಷ್ಪ ಕಟ್ಟಡ ಸುತ್ತಿ ಹುಡುಕಿದಳು. ಕೊನೆಗೆ ಹಿಂಭಾಗದ ನಲ್ಲಿಯ ಹತ್ತಿರ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಕೂತಿದ್ದಳು.

"ಸಾವ್ರಾರು ಜನದ ಮುಂದೆ ಬೆಳಗಾನ ನಿಂತೋಳು ನಾನು," ಎಂದಳು. "ಇಲ್ಲಿ ಎತ್ತಗೋಗ್ಬೇಕು ಅಂತ್ಲೇ ಗೊತ್ತಾಗ್ನಿಲ್ಲ. ಒಬ್ಬ ಹುಡ್ಗ ಬಂದು ಯಾರು ಬೇಕು ಅಂದ. ಬಾಯೇ ಬರ್ನಿಲ್ಲ ಕಣವ್ವ."

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತಾ ಕೂತಳು. ಕರೆದುಕೊಂಡು ಹೋಗಿ ತಪ್ಪು ಮಾಡಿದೆನೇನೋ ಎಂದು ಪುಷ್ಪ ಕಸಿವಿಸಿಪಟ್ಟಳು. ಸೋಮವಾರ ಚಂದ್ರಕಲಮ್ಮ ತಾನಾಗಿಯೇ ಶಾಲೆಗೆ ಬಂದು ಮಕ್ಕಳನ್ನು ಸುತ್ತ ಕೂರಿಸಿಕೊಂಡಳು.

"ನೋಡ್ರಪ್ಪ, ನಂಗೆ ಅಲ್ಲಿ ಪುಕಪುಕ ಅಂತು. ನಿಮ್ಗೆ ಯಾವುದ್ನ ನೆನಸ್ಕಂಡ್ರೆ ಭಯ ಆಯ್ತದೋ ಒಬ್ಬೊಬ್ರೇ ಯೋಳಿ. ಯಾರಿಗೆ ಯಾವುದು ಭಯವೋ ಅವ್ರಿಗೆ ಅದೇ ಪಾಲ್ಟು."

ಕಿಟ್ಟಿಗೆ ಕಂಡಕ್ಟರ್ ಭಯ. ಅವನು ಕಂಡಕ್ಟರಾದ. ರಾಮುಗೆ ಇಂಗ್ಲಿಷ್ ಮೇಷ್ಟ್ರ ಭಯ. ಬಾಯಿಗೆ ಬಂದ ಇಂಗ್ಲಿಷನ್ನು ಉರುಳಿಸುತ್ತಾ ಅವನು ಮಿಕ್ಕವರನ್ನು ಎದ್ದು ನಿಲ್ಲಿಸಿದ. ಒಬ್ಬ ಹುಡುಗಿ ಪಾಯಿಖಾನೆಗೆ ಹೋಗಲು ಅನುಮತಿ ಕೇಳುವುದೇ ಭಯ ಎಂದು ತಲೆ ತಗ್ಗಿಸಿ ಹೇಳಿದಳು. ಯಾರೂ ನಗಲಿಲ್ಲ, ಯಾಕೆಂದರೆ ಅದು ಎಲ್ಲರ ಭಯವೂ ಆಗಿತ್ತು. ಪರೀಕ್ಷೆ ಮುಗಿದ ಮೇಲೂ ದಿನಾ ಮಧ್ಯಾಹ್ನ ಅಭ್ಯಾಸ ನಡೆಯಿತು. ಸೀಮೆಸುಣ್ಣದಿಂದ ನೆಲದ ಮೇಲೆ ಹೈಸ್ಕೂಲಿನ ಗೇಟು, ವರಾಂಡ, ನಲ್ಲಿ ಬರೆದರು. ಒಳಕ್ಕೆ ಕಾಲಿಡುವುದನ್ನು ಚಂದ್ರಕಲಮ್ಮ ಮತ್ತೆ ಮತ್ತೆ ಮಾಡಿಸಿದಳು.

"ಓಡ್ಬ್ಯಾಡ್ರಿ. ಒಳಕ್ಕೆ ಬಂದು ನಿಂತ್ಕಳಿ. ಉಸ್ರು ತಕ್ಕಳಿ. ಜನ ನಿಮ್ಮನ್ನ ನೋಡ್ಲಿ. ಆಮೇಕೆ ನೀವೂ ಜನಾನ ನೋಡಿ."

"ನೀವು ಎಷ್ಟನೇ ಕ್ಲಾಸು ಓದಿದ್ದೀರಾ, ಕಲಜ್ಜಿ?" ಎಂದು ರಾಮು ಒಮ್ಮೆ ಕೇಳಿದ.

"ನಾನಾ? ಎಂಟ್ನೇ ಕ್ಲಾಸು. ಒಂದೇ ದಿನ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಪುಷ್ಪಳೂ ನಕ್ಕಳು. ಚಂದ್ರಕಲಮ್ಮ ಅವರ ಜೊತೆ ತಾನೂ ನಕ್ಕಿದ್ದಳು.

*

ಪಾಂಡವಪುರದಿಂದ ಆಟೋ ಮಾಡಿಕೊಂಡು ಬಂದವನು ಮನೆಯ ಮುಂದೆ ಇಳಿದು, ಸೇವಂತಿಗೆ ಹಾರವನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದುಕೊಂಡು, ಮಂದಿಯನ್ನೆಲ್ಲ ಒಂದು ಸುತ್ತು ನೋಡಿದ. ಎಪ್ಪತ್ತರ ಹತ್ತಿರದ ಬಡಕಲು ಮನುಷ್ಯ.

"ಮಂಚಮ್ಮನ ಮನೆ ಇದೇನಾ?"

"ಚಂದ್ರಕಲಮ್ಮನ ಮನೆ," ಎಂದರು ಯಾರೋ.

"ನಾನು ದೇವಯ್ಯ ಅಂತ. ಫೋನ್ ಬಂದಿತ್ತು."

ಪುಷ್ಪ ಅವನನ್ನು ಜಗುಲಿಗೆ ಕರೆದುಕೊಂಡು ಹೋದಳು. ದೇವಯ್ಯ ಬಗ್ಗಿ ಮುಖ ನೋಡಿದ. ಈ ಕಡೆಯಿಂದ ನೋಡಿದ, ಆ ಕಡೆಗೆ ಹೋಗಿ ನೋಡಿದ.

"ಇವ್ಳಲ್ಲ," ಎಂದ.

ಅಂಗಳದಲ್ಲಿ ಗುಜುಗುಜು ಎದ್ದಿತು. ಯಾರದೋ ಅಣ್ಣನನ್ನು ಯಾರದೋ ಸಾವಿಗೆ ಕರೆಸಿಬಿಟ್ಟೆನೇ ಎಂದುಕೊಂಡಳು ಪುಷ್ಪ.

"ಸರ್ಯಾಗಿ ನೋಡಣ್ಣ," ಎಂದಳು ಮಾಯಮ್ಮ. "ಎಷ್ಟು ವರ್ಸ ಆಗಿತ್ತು ನೀನು ನೋಡಿ?"

"ಬಾಳಾ ವರ್ಸ. ಯುಗಾದಿಗೆ ಒಂದ್ಸಲ ಫೋನ್ ಮಾಡೋಳು, ಅಷ್ಟೇಯ. ಆದ್ರೂ ನಮ್ ಮಂಚಿ ಇಂಗಿರ್ಲಿಲ್ಲ. ಮುಖ ದುಂಡಗಿತ್ತು."

ಹಿಂದಕ್ಕೆ ಸರಿದವನು ಏನೋ ನೆನಪಾದಂತೆ ಕಾಲಿನ ಕಡೆ ಹೋಗಿ ಹೊದಿಸಿದ್ದ ಬಟ್ಟೆಯನ್ನು ಸರಿಸಿದ. ಎರಡೂ ಪಾದಗಳಲ್ಲಿ ಹೆಬ್ಬೆರಳ ಪಕ್ಕದ ಬೆರಳು ಹೆಬ್ಬೆರಳಿಗಿಂತ ಉದ್ದವಾಗಿತ್ತು. ಅದನ್ನು ಮುಟ್ಟಿ ನೋಡಿದ. ಆಮೇಲೆ ನೆಲಕ್ಕೆ ಕುಸಿದು ಕೂತು, "ಇವ್ಳೇಯ," ಎಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಹಾರ ಕೆಳಗೆ ಬಿತ್ತು.

ಅವನಿಗೆ ನೀರು ತಂದುಕೊಟ್ಟವನು ಚೆಲುವಯ್ಯ. ಊರಿನ ಹಿರಿಯ, ನಾಟಕದಲ್ಲಿ ಹೆಸರು ಮಾಡಿದವನು.

"ಸಮಾಧಾನ ಮಾಡ್ಕ ಕಣಪ್ಪ. ನಮಗೇನು ಕಮ್ಮಿ ಸಂಕಟವಾ?"

"ನೀವ್ಯಾರು?"

"ನಾನಾ? ಆಯಮ್ಮನ ಸೀರೆ ಎಳ್ದೋನು ನಾನೇಯ. ಒಂದ್ಸಲ ಅಲ್ಲ, ಅದೆಷ್ಟು ಸಲವೋ!"

ದೇವಯ್ಯ ಲೋಟ ಕೆಳಗಿಟ್ಟು ಎದ್ದು ನಿಂತ. "ಏನಂದೆ?"

"ಅಯ್ಯೋ, ನಾಟಕದಲ್ಲಿ ಕಣಣ್ಣ!" ಎಂದು ಮಾಯಮ್ಮ ನಡುವೆ ಬಂದಳು. "ಇವ್ನು ದುಶ್ಶಾಸನ. ಅವ್ಳು ದ್ರೌಪದಿ."

"ನಾಟಕ? ನಮ್ ಮಂಚಿ ನಾಟಕ ಆಡ್ತಿದ್ಲಾ?"

"ಎಂಥಾ ದ್ರೌಪದಿ ಅಂತೀಯ!" ಎಂದ ಚೆಲುವಯ್ಯ. ಅವನ ಕಣ್ಣು ತುಂಬಿತ್ತು. "ನಾನು ಸೀರೆಗೆ ಕೈ ಹಾಕುದ್ರೆ ಒಂದು ನೋಟ ನೋಡೋಳು. ನಂಗೇ ನಡುಕ ಬರೋದು. ಮಾತು ಮರ್ತೋಗಿ ಎಷ್ಟೋ ಸಲ ನಾಟಕ ಕೆಡಿಸಿದ್ದೀನಿ."

ದೇವಯ್ಯ ನಿಂತಲ್ಲೇ ನಿಂತ. ತಂಗಿ ಸತ್ತಳೆಂದು ಬಂದಿದ್ದ. ಈಗ ಯಾರು ಸತ್ತಿದ್ದಾರೆ ಎಂಬುದೇ ಅವನಿಗೆ ಕಲಸಿಹೋದಂತಿತ್ತು. ಕೊನೆಗೆ ಪುಷ್ಪಳ ಕಡೆ ತಿರುಗಿದ.

"ನನ್ನತ್ರ ಸ್ಕೂಲಲ್ಲಿ ಕೆಲ್ಸ ಅಂದಿದ್ಲು ತಾಯಿ. ಮಕ್ಕಳಿಗೆ ಯೋಳ್ಕೊಡ್ತೀನಿ ಕಣಣ್ಣ ಅಂದ್ಲು ಈ ಯುಗಾದೀಲಿ. ಅದೂ ಸುಳ್ಳಾ?"

"ಇಲ್ಲ, ಅದು ನಿಜ."

"ಏನು ಯೋಳ್ಕೊಡ್ತಿದ್ಲು? ಲೆಕ್ಕವಾ, ಕನ್ನಡವಾ?"

ಅದಕ್ಕೇನು ಹೆಸರೆಂದು ಪುಷ್ಪಳಿಗೆ ತಿಳಿಯಲಿಲ್ಲ. "ಮಕ್ಕಳನ್ನ ಎಂಟನೇ ಕ್ಲಾಸಿಗೆ ತಯಾರು ಮಾಡ್ತಿದ್ರು," ಎಂದಳು.

"ಎಂಟಕ್ಕಾ?" ದೇವಯ್ಯ ಜಗುಲಿಯ ಕಂಬಕ್ಕೆ ಒರಗಿ ಕೂತ. "ಅವ್ಳೇ ಎಂಟಕ್ಕೆ ಓಗ್ನಿಲ್ವಲ್ಲ ತಾಯಿ. ಅಂದ್ರೆ ಓದ್ಲು, ಒಂದೇ ದಿನ. ನಾಗಮಂಗಲಕ್ಕೆ. ನಮ್ಮಪ್ಪನೇ ಸೇರ್ಸಿ ಬಂದ. ಸಂಜೆ ನಡ್ಕಂಡು ಬಂದ್ಲು, ಚೀಲ ಮೂಲೆಗಿಟ್ಲು. ಮಾರನೆ ದಿನ ಓಗಾಕಿಲ್ಲ ಅಂದ್ಬುಟ್ಲು."

ಶಾಲೆಯ ವರಾಂಡದಲ್ಲಿ ಮಕ್ಕಳ ಜೊತೆ ತಾನೂ ನಕ್ಕದ್ದು ಪುಷ್ಪಳ ಕಿವಿಯಲ್ಲಿ ಕೇಳಿಸಿತು.

"ಯಾರಾದ್ರೂ ಏನಾದ್ರೂ ಅಂದಿದ್ರಾ?" ಎಂದು ಕೇಳಿದವನು ಚಿಕ್ಕಸ್ವಾಮಿ. ಚಟ್ಟಕ್ಕೆ ಹಗ್ಗ ಸುತ್ತುತ್ತಿದ್ದ ಅವನ ಕೈ ನಿಂತಿತ್ತು.

"ಕೇಳ್ದೊ. ಇಲ್ಲ ಅಂದ್ಲು."

"ಮೇಷ್ಟ್ರು ಒಡೆದ್ರಾ?"

"ಅದ್ನೂ ಕೇಳ್ದೊ. ಇಲ್ಲ. ಏನಾಯ್ತೋ ಆ ಶಿವನಿಗೇ ಗೊತ್ತು. ಹುಡ್ಗಿಗೆ ಓದು ಹತ್ನಿಲ್ಲ ಅಂದ್ಕಂಡೊ. ಅದೇ ವರ್ಸ ಕೆ.ಆರ್. ಪೇಟೆ ಕಡೆಗೆ ಮದ್ವೆ ಮಾಡಿ ಕೊಟ್ರು. ಇನ್ನೂ ಸಣ್ಣ ಹುಡ್ಗಿ. ಒಂದಷ್ಟು ವರ್ಸ ಬಾಳಾಟ ಮಾಡುದ್ಲು. ಆಮೇಕೆ ಅಲ್ಲಿಂದ್ಲೂ ಒಂದಿನ ಎದ್ದೋದ್ಲು."

ಚಿಕ್ಕಸ್ವಾಮಿ ಹಗ್ಗವನ್ನು ಒಂದು ಸುತ್ತು ಸುತ್ತಿ, ತಪ್ಪಾಯಿತೆಂದು ಬಿಚ್ಚಿ, ಮತ್ತೆ ಅದೇ ಕಡೆಗೆ ಸುತ್ತಿದ.

ಮಾಯಮ್ಮ ಕುಂಕುಮದ ಬಟ್ಟಲು ಹಿಡಿದು ಮುಂದೆ ಬಂದಳು. "ಅಂಗಾದ್ರೆ ಗಂಡ ಬದ್ಕವ್ನಾ? ಇಡ್ಬೇಕಾ ಬ್ಯಾಡ್ವಾ, ಯೋಳಣ್ಣ."

"ಅವ್ನು ಬೇರೆ ಮದ್ವೆ ಆದ. ಈಗ ಇದ್ದಾನೋ ಸತ್ತವ್ನೋ ಗೊತ್ತಿಲ್ಲ ಕಣಮ್ಮ."

"ಮತ್ತೆ?"

ದೇವಯ್ಯ ತಂಗಿಯ ಬರಿ ಹಣೆ ನೋಡಿದ. "ದ್ರೌಪದಿ ಆಡ್ದಾಗ ಇಟ್ಕತಿದ್ಲಾ?"

"ಇಷ್ಟಗಲ," ಎಂದ ಚೆಲುವಯ್ಯ, ಬೆರಳಲ್ಲಿ ತೋರಿಸುತ್ತಾ.

"ಇಡಿ," ಎಂದ ದೇವಯ್ಯ.

*

ಮಕ್ಕಳ ನಾಟಕ ನಡೆದದ್ದು ಏಪ್ರಿಲ್ ಕೊನೆಯ ಒಂದು ಸಂಜೆ, ಶಾಲೆಯ ವರಾಂಡದಲ್ಲಿ. ಅಪ್ಪ ಅಮ್ಮಂದಿರೆಲ್ಲ ಅಂಗಳದಲ್ಲಿ ಕೂತಿದ್ದರು. ಕಿಟ್ಟಿ ಶಿಳ್ಳೆ ಹೊಡೆದು ರೈಟ್ ರೈಟ್ ಎಂದಾಗ, ರಾಮುವಿನ ಇಂಗ್ಲಿಷಿಗೆ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಅನುವಿನ ಸರದಿ. ಯಾವುದಕ್ಕೆ ಭಯ ಎಂದು ಚಂದ್ರಕಲಮ್ಮ ಕೇಳಿದಾಗ ಅವಳು ಕಿವಿಯಲ್ಲಿ ಹೇಳಿದ್ದಳು. ಆ ಭಾಗವನ್ನು ಇಬ್ಬರೇ ಗುಟ್ಟಾಗಿ ಅಭ್ಯಾಸ ಮಾಡಿದ್ದರಿಂದ ಅದು ಏನೆಂದು ಪುಷ್ಪಳಿಗೂ ಅವತ್ತೇ ಗೊತ್ತಾದದ್ದು.

ಹೆಗಲ ಮೇಲೊಂದು ಟವೆಲ್ಲು, ಹಾಲಿನ ಕ್ಯಾನು ಹೊತ್ತು ಹೊತ್ತು ಒಂದು ಕಡೆಗೆ ವಾಲಿದ ಭುಜ, ಕೆಮ್ಮಿ ಮಾತು ಶುರು ಮಾಡುವ ರೀತಿ. ಅನು ಒಳಗೆ ಬಂದು ನಿಲ್ಲುತ್ತಲೇ ಜನ ಗುರುತು ಹಿಡಿದರು. "ಚಿಕ್ಕಸ್ವಾಮಿ! ಅಂಗೇ ಚಿಕ್ಕಸ್ವಾಮಿ ಕಣ್ಲಾ!" ಎಂದು ಕೂಗಿದರು. ಎದುರಿನಿಂದ ಚಂದ್ರಕಲಮ್ಮ ಬಂದಳು. ಅರವತ್ತರ ಹೆಂಗಸು, ಎರಡು ಜಡೆ, ಕೆಂಪು ಟೇಪು, ಬೆನ್ನಿಗೆ ಬ್ಯಾಗು. ನಾಟಕದಲ್ಲಿ ಅವಳು ಅನು. ನಗು ಇನ್ನೂ ಜೋರಾಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕಸ್ವಾಮಿ ಮಾತ್ರ ನಗಲಿಲ್ಲ.

"ಎತ್ತಗೆ ಒಂಟೆ?" ಎಂದಳು ಅನು, ಅಪ್ಪನಾಗಿ.

"ಹೈಸ್ಕೂಲಿಗೆ ಕಣಪ್ಪ," ಎಂದಳು ಚಂದ್ರಕಲಮ್ಮ, ಮಗಳಾಗಿ.

"ಬಸ್ಸು ಕೆಟ್ಟೋದ್ರೆ?"

"ನಡ್ಕಂಡ್ ಬತ್ತೀನಿ."

"ಕತ್ಲಾದ್ರೆ?"

"ಕಿಟ್ಟಿ, ರಾಮು ಎಲ್ಲಾ ಇರ್ತಾರೆ."

"ನಿಮ್ಮಕ್ಕ ಓಗಿ ಏನು ಮಾಡುದ್ಲು? ಯಾಕೆ ವಾಪಸ್ಸು ಬಂದ್ಲು? ನೀನಾದ್ರೂ ಯೋಳು."

ಈ ಮಾತು ಅಭ್ಯಾಸದಲ್ಲಿ ಇರಲಿಲ್ಲ. ನಗು ನಿಂತಿತು. ಆಗ ಚಂದ್ರಕಲಮ್ಮನೂ ಅಭ್ಯಾಸದಲ್ಲಿ ಇಲ್ಲದ ಒಂದು ಮಾತು ಕೇಳಿದಳು.

"ಅಪ್ಪ, ನಿಂಗೆ ಭಯವಾ?"

ಅನು ಬಾಯಿ ತೆರೆದಳು. ಹೆಗಲಿನ ಟವೆಲ್ಲು ಜಾರಿತು, ಎತ್ತಿಕೊಳ್ಳಲಿಲ್ಲ. ಜನರ ನಡುವೆ ಅಪ್ಪ ಕೂತಿದ್ದ ಕಡೆ ನೋಡಿದಳು.

"ಊಂ ಕಣ್ ಮಗ," ಎಂದಳು. "ಬಾಳಾ ಭಯ."

ಅದನ್ನು ಅಪ್ಪನಾಗಿ ಹೇಳಿದಳೋ, ತಾನಾಗಿಯೇ ಹೇಳಿದಳೋ, ಯಾರಿಗೂ ಗೊತ್ತಾಗಲಿಲ್ಲ. ನಾಟಕ ಮುಗಿಯಿತೋ ಇನ್ನೂ ಇದೆಯೋ ಎಂದು ತಿಳಿಯದೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊನೆಗೆ ಕಿಟ್ಟಿ ಓಡಿಬಂದು ಶಿಳ್ಳೆ ಹೊಡೆದ.

ಮಾರನೆಯ ಬೆಳಿಗ್ಗೆ ಚಿಕ್ಕಸ್ವಾಮಿ ಒಂದು ಚೊಂಬು ಹಾಲು ಹಿಡಿದು ಮಾಯಮ್ಮನ ಹಿತ್ತಲಿಗೆ ಬಂದಿದ್ದ.

"ಊರೋರ ಮುಂದೆ ನನ್ನ ಅಂಗೆ ನಿಲ್ಲಿಸ್ಬುಟ್ಯಲ್ಲಮ್ಮ," ಎಂದ. ಚೊಂಬನ್ನು ಕೆಳಗಿಟ್ಟ. "ಮೊದಲ್ನೇ ವಾರ ನೀನೇ ಜೊತೇಲಿ ಓಗಿ ಬಾ. ಆಮೇಕೆ ನೋಡಾನ."

"ನನ್ನೂ ಎಂಟಕ್ಕೆ ಸೇರಿಸ್ಬುಟ್ರು ಟೀಚರಮ್ಮ," ಎಂದು ಚಂದ್ರಕಲಮ್ಮ ಪುಷ್ಪಳ ಹತ್ತಿರ ಹೇಳಿಕೊಂಡು ನಕ್ಕಿದ್ದಳು. ಹಸಿರು ಸೀರೆಯನ್ನು ಇಸ್ತ್ರಿಗೆ ಕೊಟ್ಟದ್ದು ಅದಕ್ಕೇ.

*

ತಮಟೆ ಶುರುವಾದಾಗ ಬಿಸಿಲು ಏರಿತ್ತು. ಚಿಕ್ಕಸ್ವಾಮಿ ಮುಂದಿನ ಬಲಗಡೆಗೆ ಹೆಗಲು ಕೊಟ್ಟ. ದೇವಯ್ಯ ಕಡ್ಲೆಪುರಿ ಎರಚುತ್ತಾ ಮುಂದೆ ನಡೆದ. ಮಕ್ಕಳು ಬ್ಯಾಗು ಹೊತ್ತೇ ಹಿಂದೆ ಬಂದರು. ಬೇಡವೆಂದು ಅವರಿಗೆ ಯಾರೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ.

ಊರ ಬಾಗಿಲಿನ ಅರಳಿಮರದ ಹತ್ತಿರ ಚಟ್ಟ ಇಳಿಸಿ, ಒಂದು ಕ್ಷಣ ನಿಂತು, ಮತ್ತೆ ಎತ್ತುವುದು ಪದ್ಧತಿ. ಬಸ್ಸು ನಿಲ್ಲುವುದೂ ಅಲ್ಲೇ. ಚಟ್ಟ ಇಳಿಸುವಾಗಲೇ ಪಾಂಡವಪುರದ ಬಸ್ಸು ಬಂತು. ದಾರಿ ಕಟ್ಟಿದ್ದನ್ನು ನೋಡಿ ಡ್ರೈವರು ಎಂಜಿನ್ ಆರಿಸಿದ. ಕಂಡಕ್ಟರು ಇಳಿದು ಕೈಮುಗಿದ. ತಮಟೆಯೂ ನಿಂತಿತು.

ಮಕ್ಕಳು ಪುಷ್ಪಳ ಮುಖ ನೋಡಿದರು. ಹತ್ತಿ ಎನ್ನಲು ಅವಳ ಬಾಯಿ ತೆರೆಯಿತು. ಸತ್ತವಳನ್ನು ನಡುದಾರಿಯಲ್ಲಿ ಬಿಟ್ಟು ಹೋಗಿ ಎಂದು ಹೇಗೆ ಹೇಳುವುದು? ಹೋಗಬೇಡಿ ಎಂದರೆ, ಇಷ್ಟು ದಿನ ಆಡಿದ್ದು ಯಾತಕ್ಕೆ? ಅವಳು ಬಾಯಿ ಮುಚ್ಚಿದಳು. ಚೆಲುವಯ್ಯ ಅತ್ತ ನೋಡಿದ, ಇತ್ತ ನೋಡಿದ. ಊರಿಗೆಲ್ಲ ದಾರಿ ಹೇಳುವ ಅವನಿಗೂ ಏನೂ ತೋಚಲಿಲ್ಲ.

"ಎತ್ರಪ್ಪ," ಎಂದ ಸುಮ್ಮನೆ.

ಚಟ್ಟ ಮತ್ತೆ ಹೆಗಲಿಗೇರಿತು. ಆಗ ಅನು ಸಾಲಿನಿಂದ ಹೊರಬಂದಳು. ಕಲಜ್ಜಿಯ ಕಾಲಿನ ಹತ್ತಿರ ನಿಂತು ಕೈಮುಗಿದಳು. ಆಮೇಲೆ ತಿರುಗಿ ಬಸ್ಸಿನ ಬಾಗಿಲಿನ ಕಡೆ ನಡೆದು ಮೆಟ್ಟಿಲ ಮೇಲೆ ಕಾಲಿಟ್ಟಳು.

"ಅನೂ!"

ಅವಳು ಅಲ್ಲೇ ನಿಂತಳು. ಚಿಕ್ಕಸ್ವಾಮಿ ಪಕ್ಕದಲ್ಲಿದ್ದ ದೇವಯ್ಯನ ಕಡೆ ನೋಡಿ, "ವಸಿ ಇಡ್ಕಳಣ್ಣ," ಎಂದು ಬಿದಿರನ್ನು ಅವನ ಹೆಗಲಿಗೆ ದಾಟಿಸಿ ದಾಪುಗಾಲು ಹಾಕುತ್ತಾ ಬಂದ. ಈಗ ಇಳಿಸುತ್ತಾನೆ ಎಂದುಕೊಂಡರು ಎಲ್ಲರೂ. ಅವನು ಕೈ ಚಾಚಿದ. ಚಾಚಿದ ಕೈ ಮಗಳ ತೋಳಿಗೆ ಒಂದು ಗೇಣು ಇರುವಾಗ ನಿಂತಿತು. ಹೆಣ ಹೊತ್ತ ಕೈ. ನೀರಿಗೆ ಇಳಿಯುವ ತನಕ ಮಗಳನ್ನು ಮುಟ್ಟುವಂತಿಲ್ಲ. ಇಳಿಸಲು ಬಂದಿದ್ದನೋ, ಹತ್ತಿಸಲು ಬಂದಿದ್ದನೋ, ಕೈ ಹಾಗೇ ಗಾಳಿಯಲ್ಲಿ ಉಳಿಯಿತು.

"ಆಧಾರ್ ಕಾರ್ಡು ಮಡಿಕಂಡಿದ್ದೀಯಾ?" ಎಂದ ಕೊನೆಗೆ.

ಅನು ತಲೆಯಾಡಿಸಿದಳು.

"ಊಟಕ್ಕೆ?"

ಹೆಣ ಬಿದ್ದ ಬೀದಿಯಲ್ಲಿ ಬೆಳಗಿನಿಂದ ಯಾರ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ.

"ಸ್ಕೂಲಲ್ಲೇ ಬಿಸಿಯೂಟ ಕೊಡ್ತಾರೆ ಬುಡಿ ಯಜಮಾನ್ರೇ," ಎಂದ ಕಂಡಕ್ಟರು ಮೆಲ್ಲಗೆ.

"ಇವ್ಳು ಹೊಸಬ್ಳು. ಸ್ಕೂಲತ್ರ ಯೋಳಿ ಇಳ್ಸಿ," ಎಂದ ಚಿಕ್ಕಸ್ವಾಮಿ. ಮತ್ತೆ ಮಗಳಿಗೆ, "ನೋಡ್ಕಂಡು ಇಳಿ," ಎಂದ.

ಕಿಟ್ಟಿ, ರಾಮು, ಇನ್ನಿಬ್ಬರು ಹುಡುಗಿಯರು ಒಬ್ಬರ ಹಿಂದೊಬ್ಬರು ಹತ್ತಿದರು. ಜನ ಚಟ್ಟವನ್ನು ರಸ್ತೆಯ ಅಂಚಿಗೆ ಸರಿಸಿ ದಾರಿ ಬಿಟ್ಟರು. ಬಸ್ಸು ಹೊರಟಿತು. ತಮಟೆಯವರು ಯಾವ ಕಡೆಗೆ ತಿರುಗಿ ಬಾರಿಸಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು.

ಮಣ್ಣು ಮಾಡಿ ಮುಗಿದ ಮೇಲೆ ಗಂಡಸರು ಸ್ನಾನಕ್ಕೆಂದು ಕೆರೆಗೆ ಇಳಿದರು. ದೇವಯ್ಯ ದಡದಲ್ಲೇ ಕೂತು ತಲೆಗೆ ನೀರು ಸುರಿದುಕೊಂಡ. ಚಿಕ್ಕಸ್ವಾಮಿ ಎದೆಮಟ್ಟದ ತನಕ ಹೋಗಿ, ಮುಳುಗಿ ಎದ್ದ, ಮತ್ತೆ ಮುಳುಗಿದ. ಏಳುವ ಹೊತ್ತಿಗೆ ಮೇಲೆ ಏರಿಯ ರಸ್ತೆಯಲ್ಲಿ ಬಸ್ಸಿನ ಸದ್ದಾಯಿತು. ಪಾಂಡವಪುರದ ಕಡೆಯಿಂದ ಬರುತ್ತಿತ್ತು. ಮೊದಲ ದಿನ ಮಕ್ಕಳನ್ನು ಬೇಗ ಬಿಡುತ್ತಾರೋ, ಸಂಜೆಯ ತನಕ ಕೂರಿಸಿಕೊಳ್ಳುತ್ತಾರೋ ಅವನು ಯಾರನ್ನೂ ಕೇಳಿರಲಿಲ್ಲ.

ಅವನು ನೀರಿನಲ್ಲೇ ತುದಿಗಾಲ ಮೇಲೆ ನಿಂತ. ಕಣ್ಣಿಗೆ ನೀರಿಳಿದು ಎಲ್ಲ ಮಸುಕಾಗಿತ್ತು. ಕಿಟಕಿಗಳು ಒಂದಾದ ಮೇಲೊಂದು ಸರಿದುಹೋದವು. ಒಂದರಿಂದ ಯಾರದೋ ಕೈ ಹೊರಬಂದು ಆಡಿತು.

"ನಿಮ್ ಮಗ್ಳಾ?" ಎಂದು ದಡದಿಂದ ದೇವಯ್ಯ ಕೇಳಿದ.

"ಕಾಣಾಕಿಲ್ಲ ಕಣಣ್ಣ," ಎಂದ ಚಿಕ್ಕಸ್ವಾಮಿ. ಬಸ್ಸು ತಿರುವಿನಲ್ಲಿ ಮರೆಯಾಯಿತು. ಅವನ ಬಲಗೈ ನೀರಿನಿಂದ ಮೇಲೆದ್ದಿತ್ತು. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ಕೆಳಗಿಳಿಸಲಿಲ್ಲ.